ಪೆಣ್ಬುಯ್ಯಲಿನ ಲೆಕ್ಕ

ಬೆಂಗಳೂರು ನಗರದ ಪಡುವಣ ಭಾಗದಲ್ಲಿ ರಾಜಾಜಿನಗರಕ್ಕೆ ನೆರೆಯಾಗಿ ಕುರುಬರಹಳ್ಳಿಯೆಂಬ ಬಡಾವಣೆಯುಂಟು. ಇದು ಮೊದಲು ಕುರಿಗಾಹಿಗಳ ಹಳ್ಳಿಯಾಗಿದ್ದಿತೆಂಬುದನ್ನು ಅದರ ಹೆಸರೇ ಸಾರುತ್ತದೆ. ಸ್ವಾತಂತ್ರ್ಯಾನಂತರ ಚಕ್ರವರ್ತಿ ರಾಜಗೋಪಾಲಾಚಾರ್ಯರ ಹೆಸರಿನಿಂದ ರಾಜಾಜಿನಗರವು ನಿರ್ಮಾಣವಾಗಿ, ಅದರ ಕೈಗಾರಿಕೆಗಳ ಸುತ್ತಲೂ ವಠಾರಗಳು ಬೆಳೆದು, ಹಳ್ಳಿಯು ನಗರದಲ್ಲಿ ಬೆರೆತುಹೋಯಿತು. ಹಳ್ಳಿಯಾಗಿದ್ದ ಕಾಲದಲ್ಲಿ ಅಲ್ಲಿನ ಒಬ್ಬ ಹೆಂಗಸಿನ ಮೇಲೆ ಬಲಾತ್ಕಾರ ನಡೆದಿದ್ದರೆ ಅದರ ಸುದ್ದಿಯು ಮನೆಯ ಹಿರಿಯರ, ಕುಲದ ಯಜಮಾನರ, ಹೆಚ್ಚೆಂದರೆ ಪಟೇಲನ ಕಿವಿಯಲ್ಲಿಯೇ ನಿಂತುಹೋಗುವ ಸಂಭವವಿತ್ತು. ಈಗ ಪೋಲೀಸು ಠಾಣೆಯುಂಟು. ತುರ್ತು ಕರೆಗೆ 112 ಎಂಬ ಸಂಖ್ಯೆಯುಂಟು. ವರ್ಷದ ಕೊನೆಗೆ ಠಾಣೆಗಳ ದಾಖಲೆಗಳೆಲ್ಲ ಕೂಡಿ ಒಂದು ಅಂಕೆಯಾಗುತ್ತವೆ.

ಆ ಅಂಕೆಯು ಪ್ರಕಟವಾದೊಡನೆ, ಅದು ಏರಿದ್ದರೆ "ನಾಡು ಕೆಟ್ಟಿತು" ಎಂದು ಕೆಲವರು ಮರುಗುವರು; ಇಳಿದಿದ್ದರೆ "ನಾಡು ಸುಧಾರಿಸಿತು" ಎಂದು ಅಧಿಕಾರಸ್ಥರು ಹಿಗ್ಗುವರು; ಮತ್ತೆ ಕೆಲವರು ನ್ಯಾಯಾಲಯಗಳಲ್ಲಿ ಬಿಡುಗಡೆಯಾದವರ ಸಂಖ್ಯೆಯನ್ನು ತೋರಿಸಿ "ಇವೆಲ್ಲ ಸುಳ್ಳು ಫಿರ್ಯಾದುಗಳು" ಎನ್ನುವರು. ಈ ಮೂವರೂ ಅಂಕೆಯನ್ನು ಕೃತ್ಯದ ಪ್ರತಿಬಿಂಬವೆಂದೇ ನಂಬಿದ್ದಾರೆ. ದಾಖಲೆಗಳ ಚರಿತ್ರೆಯನ್ನು ನೋಡಿದವರಿಗೆ ಈ ನಂಬಿಕೆಯು ನಿಲ್ಲಲಾರದು. ಯಾರು ಕೇಳಿದರು, ಯಾರು ಬರೆದರು, ಯಾವ ಕಲಮಿನಡಿಯಲ್ಲಿ ಬರೆದರು ಎಂಬಿಷ್ಟನ್ನೇ ಈ ಅಪರಾಧದ ಲೆಕ್ಕವು ಎಲ್ಲ ಕಾಲದಲ್ಲಿಯೂ ಮೊದಲು ತಿಳಿಸುತ್ತದೆ. ಕೃತ್ಯಗಳೆಷ್ಟು ನಡೆದುವೆಂಬುದನ್ನು ಅದರಿಂದ ಊಹಿಸಿ ತಿಳಿಯಬೇಕು. ಇದನ್ನು ನಮ್ಮ ನಾಡಿನ ನಿದರ್ಶನಗಳಿಂದಲೇ ವಿಶದಪಡಿಸುವುದು ಈ ಲೇಖನದ ಉದ್ದೇಶ.

ಕಲ್ಲಿನ ದಾಖಲೆ

ಕನ್ನಡ ನಾಡಿನಲ್ಲಿ ಈ ಅಪರಾಧವನ್ನು ಬರೆದಿಟ್ಟ ಅತ್ಯಂತ ಹಳೆಯ ದಾಖಲೆಗಳಲ್ಲಿ ವೀರಗಲ್ಲುಗಳು ಮುಖ್ಯವಾದುವು. ಬೆಂಗಳೂರಿನ ಸುತ್ತುಮುತ್ತಲೂ ಇವುಗಳಿಗೆ ಕೊರತೆಯಿಲ್ಲ. ಹೆಬ್ಬಾಳದಲ್ಲಿ ಗಂಗ ಶ್ರೀಪುರುಷನ ಕಾಲದ, ಎಂದರೆ ಕ್ರಿ. ಶ. ಎಂಟನೆಯ ಶತಮಾನದ ಕಲ್ಲುಂಟು. ಬೇಗೂರಿನಲ್ಲಿ ಬೆಂಗಳೂರಿನ ಕಾಳಗವನ್ನು ಹೆಸರಿಸುವ ಸುಮಾರು 890ರ ಕಲ್ಲುಂಟು. ವೀರನು ಸತ್ತ ಸಂದರ್ಭವನ್ನು ಶಾಸನಕಾರರು ಕೆಲವು ಗೊತ್ತಾದ ಮಾತುಗಳಿಂದ ಸೂಚಿಸುತ್ತಿದ್ದರು. ದನಗಳನ್ನು ಹಿಡಿದೊಯ್ಯುವುದು ತುರುಗೊಳ್. ಊರನ್ನು ಹಾಳುಮಾಡುವುದು ಊರಳಿವು. ಹೆಂಗಸರ ಮೇಲೆ ಕೈಮಾಡಿದಾಗ ಏಳುವ ಕೂಗು ಪೆಣ್ಬುಯ್ಯಲ್. ಪುಯ್ಯಲ್ ಎಂದರೆ ಮೊರೆ, ಆರ್ತನಾದ. ಹೆಂಗಸರ ಉಡುಗೆಯನ್ನು ಸೆಳೆಯುವ ಅತ್ಯಾಚಾರಕ್ಕೆ ಉಡೆಯುರ್ಚು ಎಂಬ ಮಾತೂ ಶಾಸನಗಳಲ್ಲಿ ಬರುತ್ತದೆ. ಸಾವಿರ ವರ್ಷಗಳ ಹಿಂದೆಯೇ ನಮ್ಮವರು ಈ ಅಪರಾಧವನ್ನು ಕೂಗಿನ ಹೆಸರಿನಿಂದ ಕರೆದರೆಂಬುದು ಗಮನಿಸತಕ್ಕ ವಿಷಯ.

ಆದರೆ ಪೆಣ್ಬುಯ್ಯಲಿನ ಕಲ್ಲುಗಳನ್ನೆಲ್ಲ ಎಣಿಸಿ, ಇಂತಹ ಶತಮಾನದಲ್ಲಿ ಇಷ್ಟು ಅತ್ಯಾಚಾರಗಳು ನಡೆದುವೆಂದು ಯಾವ ವಿದ್ವಾಂಸನಾದರೂ ಹೇಳಿಯಾನೆ? ಹೇಳಲಾರನು. ಏಕೆಂದರೆ ಕಲ್ಲು ನಿಲ್ಲಬೇಕಾದರೆ ಕೂಗನ್ನು ಒಬ್ಬ ಗಂಡಸು ಕೇಳಬೇಕಾಗಿತ್ತು. ಅವನು ಎದುರಿಸಿ ಹೋರಾಡಿ ಸಾಯಬೇಕಾಗಿತ್ತು. ಸತ್ತವನಿಗೆ ಕಲ್ಲು ನಿಲ್ಲಿಸುವಷ್ಟು ಶಕ್ತಿಯುಳ್ಳ ಬಂಧುಗಳೋ ಒಡೆಯನೋ ಇರಬೇಕಾಗಿತ್ತು. ಹಾವಳಿಯು ಹೊರಗಿನವರಿಂದ ಬಂದುದಾಗಿರಬೇಕಾಗಿತ್ತು. ಯಾರೂ ಕೇಳದ ಕೂಗಿಗೆ ಕಲ್ಲಿಲ್ಲ. ಕೇಳಿದವನು ಓಡಿಹೋಗಿದ್ದರೆ ಕಲ್ಲಿಲ್ಲ. ಮನೆಯವನೇ, ನೆರೆಯವನೇ, ಊರಿನ ಒಡೆಯನೇ ಅಪರಾಧಿಯಾಗಿದ್ದರೆ ಕಲ್ಲು ನಿಲ್ಲುವ ಪ್ರಸಂಗವೇ ಬರಲಾರದು. ನಿಂತ ಕಲ್ಲಿನಲ್ಲಿಯೂ ವೀರನ ಹೆಸರು, ಅವನ ತಂದೆಯ ಹೆಸರು, ಅರಸನ ಹೆಸರುಗಳು ದೊರೆಯುವುವು. ಕೂಗಿದ ಹೆಂಗಸಿನ ಹೆಸರು ಸಾಮಾನ್ಯವಾಗಿ ದೊರೆಯದು. ಆ ಕಲ್ಲುಗಳು ಶೌರ್ಯದ ದಾಖಲೆಗಳು. ಅತ್ಯಾಚಾರವು ಅಲ್ಲಿ ಸಂದರ್ಭಮಾತ್ರವಾಗಿ ಉಳಿಯಿತು. ಒಂದು ಸೀಮೆಯಲ್ಲಿ ಇಂತಹ ಕಲ್ಲುಗಳು ಹೆಚ್ಚಾಗಿದ್ದರೆ ಅಲ್ಲಿನ ಹೆಂಗಸರು ಹೆಚ್ಚು ನೊಂದರೆಂದು ಹೇಳಬೇಕೋ, ಅಥವಾ ಅವರ ಕೂಗಿಗೆ ಓಗೊಡುವವರು ಅಲ್ಲಿ ಹೆಚ್ಚಾಗಿದ್ದರೆಂದು ಹೇಳಬೇಕೋ? ಈ ಪ್ರಶ್ನೆಯನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಇಂದಿನ ಅಂಕೆಗಳ ಮುಂದೆಯೂ ಇದೇ ಪ್ರಶ್ನೆಯು ನಿಲ್ಲುತ್ತದೆ.

ಶಾಸ್ತ್ರವೂ ಕಾನೂನೂ

ಎಣಿಸುವುದಕ್ಕೆ ಮೊದಲು ಎಣಿಸತಕ್ಕ ವಸ್ತು ಯಾವುದೆಂದು ಗೊತ್ತುಮಾಡಬೇಕಷ್ಟೆ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನದಲ್ಲಿ ಸ್ತ್ರೀಸಂಗ್ರಹಣವೆಂಬ ಪ್ರಕರಣವುಂಟು. ಅಲ್ಲಿ ದಂಡವು ಪುರುಷನ ಮತ್ತು ಸ್ತ್ರೀಯ ವರ್ಣಗಳನ್ನು ಅನುಸರಿಸಿ ಏರುತ್ತದೆ, ಇಳಿಯುತ್ತದೆ. ಒಂದೇ ಕೃತ್ಯವು ಒಬ್ಬಳ ವಿಷಯದಲ್ಲಿ ಘೋರಾಪರಾಧ, ಮತ್ತೊಬ್ಬಳ ವಿಷಯದಲ್ಲಿ ಅಲ್ಪ ದೋಷ. ಹೆಂಗಸಿನ ಸಮ್ಮತಿಯಿತ್ತೆ ಇಲ್ಲವೆ ಎಂಬುದಕ್ಕಿಂತ ಅವಳು ಯಾರ ರಕ್ಷಣೆಯಲ್ಲಿದ್ದಳೆಂಬುದೇ ಅಲ್ಲಿ ಮುಂದೆ ನಿಲ್ಲುತ್ತದೆ.

ಮೆಕಾಲೆಯ ಆಯೋಗವು 1837ರಲ್ಲಿ ಕರಡನ್ನು ಸಿದ್ಧಪಡಿಸಿದ ಭಾರತ ದಂಡಸಂಹಿತೆಯು 1860ರಲ್ಲಿ ಅಂಗೀಕೃತವಾಗಿ 1862ರ ಜನವರಿ 1ರಿಂದ ಜಾರಿಗೆ ಬಂದಿತು. ಅದರ 375ನೆಯ ಕಲಮು ಸಮ್ಮತಿಯನ್ನು ಮುಂದಕ್ಕೆ ತಂದಿತೆಂಬುದು ನಿಜ. ಆದರೆ ಬಾಲಿಕೆಯ ಸಮ್ಮತಿಯ ವಯಸ್ಸನ್ನು ಅದು ಹತ್ತು ವರ್ಷಕ್ಕೆ ನಿಲ್ಲಿಸಿತು. ಆ ವಯಸ್ಸನ್ನು ಮೀರಿದ ಹೆಂಡತಿಯ ವಿಷಯದಲ್ಲಿ ಗಂಡನಿಗೆ ಈ ಅಪರಾಧವೇ ಇಲ್ಲವೆಂದಿತು. 1889ರಲ್ಲಿ ಕಲ್ಕತ್ತೆಯಲ್ಲಿ ಹತ್ತು ದಾಟಿದ ಬಾಲವಧುವೊಬ್ಬಳು ಗಂಡನ ಬಲಾತ್ಕಾರದಿಂದ ಮೃತಳಾದಾಗ ನ್ಯಾಯಾಲಯವು ಅವನನ್ನು ಅಲ್ಪವಾದ ಮತ್ತೊಂದು ಅಪರಾಧಕ್ಕಾಗಿ ಮಾತ್ರ ಶಿಕ್ಷಿಸಬೇಕಾಯಿತು. ಆ ಮಗುವಿನ ಮರಣವು ಬಲಾತ್ಕಾರದ ಲೆಕ್ಕದೊಳಕ್ಕೆ ಬರಲೇ ಇಲ್ಲ. ಈ ದುರಂತದ ಬಳಿಕ 1891ರಲ್ಲಿ ವಯಸ್ಸು ಹನ್ನೆರಡಾಯಿತು. 1925ರಲ್ಲಿ ಹದಿನಾಲ್ಕು, 1949ರಲ್ಲಿ ಹದಿನಾರು, 2013ರಲ್ಲಿ ಹದಿನೆಂಟು. ನಮ್ಮ ಮೈಸೂರು ಸಂಸ್ಥಾನವು 1894ರಲ್ಲಿಯೇ ಎಂಟು ವರ್ಷಕ್ಕೆ ಕೆಳಗಿನ ಬಾಲಿಕೆಯರ ವಿವಾಹವನ್ನೂ, ಹದಿನಾಲ್ಕು ತುಂಬದವರನ್ನು ಐವತ್ತು ದಾಟಿದವರು ವರಿಸುವುದನ್ನೂ ನಿಷೇಧಿಸಿ ಕಾನೂನು ಮಾಡಿದುದನ್ನು ಈ ಸಂದರ್ಭದಲ್ಲಿ ಸ್ಮರಿಸಬೇಕು. ಹೀಗೆ ವಯಸ್ಸಿನ ಗೆರೆಯು ಸರಿದಾಗಲೆಲ್ಲ, ನಿನ್ನೆಯವರೆಗೆ ಲೆಕ್ಕಕ್ಕೆ ಬಾರದಿದ್ದ ಕೃತ್ಯಗಳು ಇಂದಿನಿಂದ ಲೆಕ್ಕಕ್ಕೆ ಬರುತ್ತವೆ. ಅಂಕೆಯು ಆಗ ಏರಿದರೆ ಜನರ ನಡತೆ ಕೆಟ್ಟಿತೆನ್ನಲಾದೀತೆ?

ಗಂಡನಿಗಿತ್ತ ವಿನಾಯಿತಿಯು ಈಗಲೂ ಉಳಿದಿದೆ. 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹದಿನೆಂಟು ತುಂಬದ ಹೆಂಡತಿಯ ಮಟ್ಟಿಗೆ ಅದನ್ನು ತೆಗೆದುಹಾಕಿತು. 2022ರ ಮಾರ್ಚಿ 23ರಂದು ಕರ್ನಾಟಕದ ಉಚ್ಚ ನ್ಯಾಯಾಲಯವು ಒಂದು ಮೊಕದ್ದಮೆಯಲ್ಲಿ ಗಂಡನ ಮೇಲಿನ ಈ ಆರೋಪದ ವಿಚಾರಣೆಯು ನಡೆಯಬಹುದೆಂದು ತೀರ್ಪಿತ್ತಿತು. ಅದೇ ವರ್ಷ ಸರ್ವೋಚ್ಚ ನ್ಯಾಯಾಲಯವು ಅದಕ್ಕೆ ತಡೆಯನ್ನು ಕೊಟ್ಟಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು ಆ ವಿನಾಯಿತಿಯನ್ನು ವಯಸ್ಕ ಪತ್ನಿಯ ವಿಷಯದಲ್ಲಿ ಉಳಿಸಿಕೊಂಡಿದೆ. ಗಂಡಸರ ಮೇಲೆ ನಡೆಯುವ ಬಲಾತ್ಕಾರವೂ ಈ ಕಲಮಿನ ಅರ್ಥದೊಳಗೆ ಸೇರುವುದಿಲ್ಲ. ಆದುದರಿಂದ ಪೋಲೀಸರ ಅಂಕೆಯನ್ನು ಓದುವವರು, ಇದು ಕಾನೂನು ಅಪರಾಧವೆಂದು ಕರೆದುದರ ಲೆಕ್ಕವೇ ಹೊರತು ದೇಹಗಳು ಅನುಭವಿಸಿದುದರ ಲೆಕ್ಕವಲ್ಲವೆಂಬುದನ್ನು ಮೊದಲು ತಿಳಿಯತಕ್ಕದ್ದು.

ಕಲಮಿನ ಚರಿತ್ರೆ

ಸ್ವತಂತ್ರ ಭಾರತದಲ್ಲಿ ಅಪರಾಧಗಳ ವಾರ್ಷಿಕ ಗ್ರಂಥವು 1953ನೆಯ ವರ್ಷದಿಂದ ಹೊರಬರುತ್ತಿದೆ. ಕೊಲೆ, ದರೋಡೆ, ಸುಲಿಗೆ, ಕನ್ನ, ಕಳವು, ದೊಂಬಿ ಇವುಗಳಿಗೆ ಅದರಲ್ಲಿ ಮೊದಲಿನಿಂದಲೇ ಸ್ಥಳವಿದ್ದಿತು. ಬಲಾತ್ಕಾರಕ್ಕೆ ಪ್ರತ್ಯೇಕವಾದ ಕಲಮು ದೊರೆತುದು 1971ರಲ್ಲಿ. ಆ ವರ್ಷ ದೇಶಾದ್ಯಂತ ದಾಖಲಾದ ಪ್ರಕರಣಗಳು 2,487. ಹದಿನೆಂಟು ವರ್ಷಗಳ ಕಾಲ ಕಳುವಾದ ದನಕರುಗಳ ಲೆಕ್ಕವನ್ನು ಸರಕಾರವು ಬಲ್ಲುದಾಗಿತ್ತು, ಈ ಅಪರಾಧದ ಲೆಕ್ಕವನ್ನು ಪ್ರತ್ಯೇಕವಾಗಿ ಬರೆಯಲಿಲ್ಲ. ತುರುಗೊಳ್ ಕಲ್ಲುಗಳ ಕಾಲವು ಈ ಮಟ್ಟಿಗೆ ಇಪ್ಪತ್ತನೆಯ ಶತಮಾನದವರೆಗೂ ಮುಂದುವರಿಯಿತೆನ್ನಬಹುದು. 1986ರಲ್ಲಿ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಸ್ಥಾಪಿತವಾಯಿತು. ಈಗ ಲೆಕ್ಕವನ್ನು ಕೂಡಿಸಿ ಪ್ರಕಟಿಸುವುದು ಅದರ ಕೆಲಸ.

ಈ ಬ್ಯೂರೋದ ಎಣಿಕೆಗೆ ಕೆಲವು ನಿಯಮಗಳುಂಟು. ಒಂದು ಪ್ರಥಮ ವರ್ತಮಾನ ವರದಿಯಲ್ಲಿ ಹಲವು ಅಪರಾಧಗಳಿದ್ದರೆ ಅವುಗಳಲ್ಲಿ ಅತ್ಯಂತ ಘೋರವಾದುದನ್ನು ಮಾತ್ರ ಎಣಿಸುವುದು ಮುಖ್ಯವಾದ ನಿಯಮ. ಆದುದರಿಂದ ಬಲಾತ್ಕರಿಸಿ ಕೊಂದ ಪ್ರಕರಣವು ಕೊಲೆಯ ಕಲಮಿಗೆ ಸೇರುತ್ತದೆ, ಬಲಾತ್ಕಾರದ ಕಲಮಿಗಲ್ಲ. ಇಂತಹ ಪ್ರಕರಣಗಳಿಗೆ ಇತ್ತೀಚಿನ ಸಂಪುಟಗಳಲ್ಲಿ ಬೇರೊಂದು ಶೀರ್ಷಿಕೆಯನ್ನು ಕೊಟ್ಟಿದ್ದಾರೆ; ಒಂದೇ ಕೋಷ್ಟಕವನ್ನು ನೋಡುವವರಿಗೆ ಅವು ಕಾಣಿಸುವುದಿಲ್ಲ. ಕೃತ್ಯವು ನಡೆದ ವರ್ಷವನ್ನು ಬಿಟ್ಟು ಅದು ದಾಖಲಾದ ವರ್ಷವನ್ನೇ ಹಿಡಿಯುವುದು ಮತ್ತೊಂದು ನಿಯಮ. ಹತ್ತು ವರ್ಷ ಮೌನವಾಗಿದ್ದು ಬಾಯಿಬಿಟ್ಟವಳ ಸಂಕಟವು ಬಾಯಿಬಿಟ್ಟ ವರ್ಷದ ಸಂಕಟವಾಗಿಯೇ ಎಣಿಕೆಗೆ ಬರುತ್ತದೆ.

ಇವುಗಳ ಪರಿಣಾಮವನ್ನು ನಮ್ಮ ರಾಜ್ಯದ ಅಂಕೆಗಳಲ್ಲಿಯೇ ನೋಡಬಹುದು. ಕರ್ನಾಟಕದಲ್ಲಿ ಬಲಾತ್ಕಾರದ ಪ್ರಕರಣಗಳು 2012ರಲ್ಲಿ 621, 2013ರಲ್ಲಿ 1,030, 2014ರಲ್ಲಿ 1,324, 2015ರಲ್ಲಿ 589, 2016ರಲ್ಲಿ 1,655, 2017ರಲ್ಲಿ 546. ಈ ಸಾಲನ್ನು ಓದಿದವರು ಏನೆಂದುಕೊಳ್ಳಬೇಕು? ಕರ್ನಾಟಕದ ಗಂಡಸರು 2015ರಲ್ಲಿ ಸಜ್ಜನರಾಗಿ, 2016ರಲ್ಲಿ ರಾಕ್ಷಸರಾಗಿ, 2017ರಲ್ಲಿ ಮರಳಿ ಸಜ್ಜನರಾದರೆ? ಹಾಗಲ್ಲ. 2012ರ ನವೆಂಬರು 14ರಂದು ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯಿದೆಯು ಜಾರಿಗೆ ಬಂದಿತು. ಬಾಲಿಕೆಯರ ಪ್ರಕರಣಗಳನ್ನು ದಂಡಸಂಹಿತೆಯ ಕೋಷ್ಟಕದಲ್ಲಿ ಇಡಬೇಕೋ, ಹೊಸ ಕಾಯಿದೆಯ ಕೋಷ್ಟಕದಲ್ಲಿ ಇಡಬೇಕೋ ಎಂಬ ವಿಷಯದಲ್ಲಿ ಪದ್ಧತಿಯು ವರ್ಷದಿಂದ ವರ್ಷಕ್ಕೆ ಬದಲಾಯಿತು. 2016ರ ಸಂಪುಟದಲ್ಲಿ ಎರಡನ್ನೂ ಕೂಡಿಸಿದರು. ಬಳಿಕ ಮತ್ತೆ ಬೇರ್ಪಡಿಸಿದರು. ದೇಶದ ಮಟ್ಟದಲ್ಲಿಯೂ ಹೀಗೆಯೇ ಆಯಿತು. ಮಕ್ಕಳ ಮೇಲಿನ ಬಲಾತ್ಕಾರದ ಪ್ರಕರಣಗಳು 2015ರಲ್ಲಿ 10,854 ಇದ್ದುವು 2016ರಲ್ಲಿ 19,765 ಆದುವೆಂದು ಓದಿ ಜನರು ಬೆಚ್ಚಿದರು. ಏರಿಕೆಯ ಬಹುಭಾಗವು ಕೂಡಿಕೆಯಿಂದ ಬಂದುದೆಂಬುದು ಆಮೇಲೆ ತಿಳಿಯಿತು. ಬೆಚ್ಚಬೇಕಾದುದು ಮೊದಲೇ ಇದ್ದಿತು. ಅದು ಎರಡು ಕೋಷ್ಟಕಗಳಲ್ಲಿ ಹಂಚಿಹೋಗಿದ್ದಿತು, ಅಷ್ಟೆ.

ಹಾಗೆಂದು 2012ರಿಂದ 2013ಕ್ಕೆ ಆದ ಏರಿಕೆಯನ್ನೂ ಬರಿಯ ಕೋಷ್ಟಕದ ಮಾಯೆಯೆಂದು ತಳ್ಳಿಬಿಡಬಾರದು. 2012ರ ಡಿಸೆಂಬರು 16ರಂದು ದೆಹಲಿಯಲ್ಲಿ ನಡೆದ ಘೋರಕೃತ್ಯವು ದೇಶವನ್ನೇ ಕಲಕಿತು. ನ್ಯಾಯಮೂರ್ತಿ ಜೆ. ಎಸ್. ವರ್ಮಾ ಅವರ ಸಮಿತಿಯು 2013ರ ಜನವರಿ 23ರಂದು ವರದಿಯನ್ನಿತ್ತಿತು. ಕಾನೂನಿನ ಲಕ್ಷಣವಾಕ್ಯವು ವಿಸ್ತಾರವಾಯಿತು. ಸಮ್ಮತಿಯ ವಯಸ್ಸು ಏರಿತು. ಇಂತಹ ಫಿರ್ಯಾದನ್ನು ದಾಖಲಿಸಲೊಲ್ಲದ ಪೋಲೀಸು ಅಧಿಕಾರಿಗೆ ಶಿಕ್ಷೆಯು ವಿಧಿಸಲ್ಪಟ್ಟಿತು. ಅದೇ ವರ್ಷದ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಘೋರಾಪರಾಧದ ಫಿರ್ಯಾದನ್ನು ದಾಖಲಿಸಿಕೊಳ್ಳುವುದು ಪೋಲೀಸರ ಕಡ್ಡಾಯವಾದ ಕರ್ತವ್ಯವೆಂದು ಸಾರಿತು. ದೇಶದ ಅಂಕೆಯು 24,923ರಿಂದ 33,707ಕ್ಕೆ ಏರಿತು. ಇದರಲ್ಲಿ ಕಾನೂನು ಹಿಗ್ಗಿದ ಭಾಗವುಂಟು. ಬಾಗಿಲು ತೆರೆದ ಭಾಗವುಂಟು. ಧೈರ್ಯಮಾಡಿ ಬಂದ ಹೆಂಗಸರ ಭಾಗವುಂಟು. ಈ ಏರಿಕೆಯು ಬಹುಮಟ್ಟಿಗೆ ಶುಭಲಕ್ಷಣವೆಂದೇ ಹೇಳಬೇಕು. ಅಪರಾಧವು ಹೆಚ್ಚುವುದೂ ಅಪರಾಧದ ದಾಖಲೆಯು ಹೆಚ್ಚುವುದೂ ಬೇರೆ ಬೇರೆಯೆಂದು ಬ್ಯೂರೋ ತಾನೇ ತನ್ನ ಸಂಪುಟಗಳಲ್ಲಿ ಎಚ್ಚರಿಸುತ್ತದೆ. ಆ ಎಚ್ಚರಿಕೆಯನ್ನು ಓದುವವರು ವಿರಳ. ಇದಕ್ಕೆ ಪ್ರತಿಯಾಗಿ, 2019ರಲ್ಲಿ 32,033 ಇದ್ದ ಅಂಕೆಯು ಮನೆಮನೆಯ ಬಾಗಿಲು ಮುಚ್ಚಿದ್ದ 2020ರಲ್ಲಿ 28,046ಕ್ಕೆ ಇಳಿಯಿತು. ಅದೇ ವರ್ಷ ಗೃಹಹಿಂಸೆಯ ದೂರುಗಳು ರಾಷ್ಟ್ರೀಯ ಮಹಿಳಾ ಆಯೋಗಕ್ಕೆ ಹೆಚ್ಚಾಗಿ ಬಂದುವು. ಠಾಣೆಯ ಅಂಕೆಯು ಇಳಿದ ಆ ವರ್ಷವನ್ನು ಹೆಂಗಸರ ಪಾಲಿಗೆ ಸುಖದ ವರ್ಷವೆಂದು ಯಾರೂ ಹೇಳಲಾರರು.

ಕುರುಬರಹಳ್ಳಿಯಿಂದ ದೆಹಲಿಗೆ

ಒಂದು ಕೂಗು ಅಂಕೆಯಾಗುವ ದಾರಿಯನ್ನು ಈಗ ಹಿಂಬಾಲಿಸೋಣ. ಕುರುಬರಹಳ್ಳಿಯ ಒಂದು ವಠಾರದಲ್ಲಿ ಬಾಡಿಗೆಗಿದ್ದು ಸಿದ್ಧ ಉಡುಪಿನ ಕಾರ್ಖಾನೆಗೆ ಹೋಗುತ್ತಿರುವ ಒಬ್ಬ ತರುಣಿಯನ್ನು ಕಲ್ಪಿಸಿಕೊಳ್ಳಬಹುದು. ಅವಳಿಗೆ ಕೇಡು ಮಾಡಿದವನು ಪರಿಚಿತನೇ ಆಗಿರುವ ಸಂಭವವು ಹೆಚ್ಚು. ಬ್ಯೂರೋದ ಕೋಷ್ಟಕಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ಆಪಾದಿತನು ಬಲ್ಲವನೇ. ಅವಳು ಮೊದಲು ಹೇಳುವುದು ತಾಯಿಗೋ ಅಕ್ಕನಿಗೋ. ಅಲ್ಲಿ "ಯಾರಿಗೂ ಹೇಳಬೇಡ" ಎಂಬ ಮಾತು ಬಂದರೆ ಲೆಕ್ಕವು ಅಲ್ಲಿಗೇ ಮುಗಿಯಿತು. ಅದನ್ನು ದಾಟಿದರೆ ಠಾಣೆ. ಕೃತ್ಯವು ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ಫಿರ್ಯಾದು ಕೊಡಬಹುದೆಂಬ ಅನುಕೂಲವು ಇಂದುಂಟು. ಆದರೆ "ರಾಜಿಮಾಡಿಕೊಳ್ಳಿರಿ" ಎಂಬ ಸಲಹೆಯು ಕಾನೂನಿನಿಂದ ಸಂಪೂರ್ಣವಾಗಿ ಅಳಿದುಹೋಗುವ ವಸ್ತುವಲ್ಲ. ಮುಂದೆ ವೈದ್ಯನ ಪರೀಕ್ಷೆ. ಹೆಂಗಸಿನ ಹಿಂದಿನ ನಡತೆಯನ್ನು ಊಹಿಸುವ ಅವೈಜ್ಞಾನಿಕವೂ ಅವಮಾನಕರವೂ ಆದ ಎರಡು ಬೆರಳಿನ ಪರೀಕ್ಷೆಯನ್ನು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ಖಂಡಿಸಿತು. 2022ರಲ್ಲಿ ಮತ್ತೆ ಖಂಡಿಸಬೇಕಾಯಿತು. ಫಿರ್ಯಾದಿಯು ನಡತೆಗೆಟ್ಟವಳೆಂದು ತೋರಿಸಿ ಅವಳ ಸಾಕ್ಷ್ಯವನ್ನು ಅಲ್ಲಗಳೆಯಲು ಸಾಕ್ಷ್ಯ ಕಾಯಿದೆಯಲ್ಲಿದ್ದ ಅವಕಾಶವು ರದ್ದಾದುದು 2003ರಲ್ಲಿ. ಈ ಎಲ್ಲ ಬಾಗಿಲುಗಳ ಸುದ್ದಿಯು ಊರಿನಲ್ಲಿ ಹರಡಿರುತ್ತದೆ. ಮೊದಲನೆಯವಳಿಗೆ ಆದ ಅವಮಾನವನ್ನು ಕೇಳಿ ಎರಡನೆಯವಳು ಮನೆಯಲ್ಲಿಯೇ ಉಳಿಯುತ್ತಾಳೆ.

ದಾಖಲಾದ ಪ್ರಕರಣವು ಮುಂದೆ ನಗರದ ಅಂಕೆಯಾಗಿ, ಜನಸಂಖ್ಯೆಯಿಂದ ಭಾಗಿಸಲ್ಪಟ್ಟು, ಲಕ್ಷಕ್ಕೆ ಇಷ್ಟು ಎಂಬ ಪ್ರಮಾಣವಾಗುತ್ತದೆ. ಇಲ್ಲಿಯೂ ಒಂದು ತೊಡಕುಂಟು. 2021ರಲ್ಲಿ ನಡೆಯಬೇಕಾಗಿದ್ದ ಖಾನೇಷುಮಾರಿಯು ಮುಂದಕ್ಕೆ ಹೋಯಿತು. ಅದರಿಂದ 2022ರ ಸಂಪುಟದಲ್ಲಿಯೂ ಬೆಂಗಳೂರಿನ ಪ್ರಮಾಣವನ್ನು 2011ರ ಜನಸಂಖ್ಯೆಯಾದ ಸುಮಾರು 85 ಲಕ್ಷದಿಂದಲೇ ಲೆಕ್ಕಹಾಕಿದರು. ಆ ಹನ್ನೊಂದು ವರ್ಷಗಳಲ್ಲಿ ನಗರಕ್ಕೆ ಬಂದು ನೆಲೆಸಿದವರು ಫಿರ್ಯಾದಿಗಳಾಗಿ ಮೇಲಿನ ಅಂಕೆಯಲ್ಲಿ ಸೇರುತ್ತಾರೆ, ನಿವಾಸಿಗಳಾಗಿ ಕೆಳಗಿನ ಅಂಕೆಯಲ್ಲಿ ಸೇರುವುದಿಲ್ಲ. ಕುರುಬರಹಳ್ಳಿಯ ವಠಾರಕ್ಕೆ ಆಮೇಲೆ ಬಂದ ನಮ್ಮ ತರುಣಿಯ ಗತಿಯೂ ಇದೇ. ಹೀಗೆ ಒಂದು ಕಡೆ ಮೌನದಿಂದ ಕುಗ್ಗಿದ ಅಂಕೆಯು ಮತ್ತೊಂದು ಕಡೆ ಹಳೆಯ ಭಾಜಕದಿಂದ ಹಿಗ್ಗುತ್ತದೆ. ಇಂತಹ ಪ್ರಮಾಣಗಳನ್ನು ಸಾಲಾಗಿಟ್ಟು ಈ ನಗರವು ಮೊದಲನೆಯದು, ಆ ನಗರವು ಹತ್ತನೆಯದು ಎಂದು ಪಂದ್ಯದ ಫಲಿತಾಂಶದಂತೆ ಸಾರುವುದು ಯುಕ್ತವಲ್ಲ.

ದೇಶದೇಶಗಳ ಹೋಲಿಕೆಯಲ್ಲಿಯಂತೂ ಈ ದೋಷವು ಇನ್ನೂ ದೊಡ್ಡದಾಗುತ್ತದೆ. ಸ್ವೀಡನ್ ದೇಶದ ದಾಖಲೆಯ ಪ್ರಮಾಣವು ಭಾರತದ್ದಕ್ಕಿಂತ ಬಹಳ ಹೆಚ್ಚು. ಅಲ್ಲಿನ ಕಾನೂನಿನ ಲಕ್ಷಣವು ವಿಶಾಲವಾದುದು, ಗಂಡನಿಗೆ ವಿನಾಯಿತಿಯಿಲ್ಲ, ಒಬ್ಬಳ ಮೇಲೆ ಹಲವು ಸಲ ನಡೆದ ಕೃತ್ಯವನ್ನು ಹಲವು ಅಪರಾಧಗಳಾಗಿ ಎಣಿಸುವರು. ಇಲ್ಲಿ ಅದೆಲ್ಲ ಸೇರಿ ಒಂದು ಪ್ರಕರಣ. ಬೆಲ್ಜಿಯಂ ದೇಶದ ಗಣಿತಜ್ಞ ಕೆತಲೆ ಎಂಬಾತನು 1835ರಷ್ಟು ಹಿಂದೆಯೇ ಇದನ್ನು ಎಚ್ಚರಿಸಿದ್ದನು. ತಿಳಿದುಬಂದ ಅಪರಾಧಗಳಿಗೂ ತಿಳಿಯದೆ ಉಳಿದ ಅಪರಾಧಗಳಿಗೂ ಇರುವ ಪ್ರಮಾಣವು ಸ್ಥಿರವಾಗಿದ್ದರೆ ಮಾತ್ರ ತಿಳಿದವುಗಳಿಂದ ಒಟ್ಟು ಸ್ಥಿತಿಯನ್ನು ಅಳೆಯಬಹುದೆಂಬುದು ಅವನ ಮತ. ಕೊಲೆಯಲ್ಲಿ ಹೆಣವು ಮರೆಯಾಗುವುದು ಕಷ್ಟ. ಅಲ್ಲಿ ಆ ಪ್ರಮಾಣವು ಸುಮಾರಾಗಿ ನಿಲ್ಲುತ್ತದೆ. ಈ ಅಪರಾಧದಲ್ಲಿ ಅದು ನಿಲ್ಲುವುದೇ ಇಲ್ಲ.

ಖುಲಾಸೆಯೂ ಸುಳ್ಳೂ

ಇನ್ನು ಮೂರನೆಯ ಗುಂಪಿನವರ ಮಾತು. 2018ರಲ್ಲಿ ವಿಚಾರಣೆ ಮುಗಿದ ಬಲಾತ್ಕಾರದ ಮೊಕದ್ದಮೆಗಳಲ್ಲಿ ನೂರಕ್ಕೆ 27.2ರಲ್ಲಿಯೂ 2019ರಲ್ಲಿ 27.8ರಲ್ಲಿಯೂ ಮಾತ್ರ ಶಿಕ್ಷೆಯಾಯಿತು. ಉಳಿದವೆಲ್ಲ ಸುಳ್ಳೆಂದು ವಾದಿಸುವವರು, ಈ ಪ್ರಮಾಣವು ಆ ವರ್ಷ ತೀರ್ಪಾದ ಮೊಕದ್ದಮೆಗಳಿಗೆ ಮಾತ್ರ ಸಂಬಂಧಿಸಿದುದೆಂಬುದನ್ನೂ, ಖುಲಾಸೆಯೆಂದರೆ ಸಂಶಯಾತೀತವಾಗಿ ಸ್ಥಾಪಿತವಾಗಲಿಲ್ಲವೆಂದೇ ಅರ್ಥವೆಂಬುದನ್ನೂ ಮರೆಯುತ್ತಾರೆ. ನಮ್ಮಲ್ಲಿ ಬಿ ರಿಪೋರ್ಟು ಎಂದು ಕರೆಯುವ ಪೋಲೀಸರ ಮುಕ್ತಾಯ ವರದಿಯಲ್ಲಿಯೂ ಸುಳ್ಳು ಫಿರ್ಯಾದು, ತಪ್ಪು ತಿಳಿವಳಿಕೆ, ಸಾಕ್ಷ್ಯದ ಅಭಾವ ಇವುಗಳೆಲ್ಲ ಬೆರೆತಿರುತ್ತವೆ. ಬೆಂಗಳೂರಿನ ಪಡುವಣದಲ್ಲಿಯೇ ಇರುವ ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಯವರು ಪೋಕ್ಸೊ ವಿಶೇಷ ನ್ಯಾಯಾಲಯಗಳ ಕಾರ್ಯವನ್ನು ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳಲ್ಲಿ ಪರಿಶೀಲಿಸಿದರು. ನೊಂದ ಮಕ್ಕಳೂ ಅವರ ಮನೆಯವರೂ ವಿಚಾರಣೆಯ ಕಾಲಕ್ಕೆ ಪ್ರತಿಕೂಲ ಸಾಕ್ಷಿಗಳಾಗುವುದು ಖುಲಾಸೆಗೆ ಮುಖ್ಯವಾದ ಕಾರಣವೆಂದು ಆ ಅಧ್ಯಯನಗಳಲ್ಲಿ ಕಂಡುಬಂದಿತು. ಆಪಾದಿತನು ಬಂಧುವೂ ನೆರೆಯವನೂ ಆಗಿರುವಲ್ಲಿ ಮಾತು ಬದಲಾಗುವುದಕ್ಕೆ ಕಾರಣಗಳನ್ನು ದೂರ ಹುಡುಕಬೇಕಾಗಿಲ್ಲ.

ಆದರೆ ಸತ್ಯದ ಇನ್ನೊಂದು ಮುಖವನ್ನೂ ಮರೆಮಾಚಬಾರದು. ದೆಹಲಿಯ ಜಿಲ್ಲಾ ನ್ಯಾಯಾಲಯಗಳು 2013ರಲ್ಲಿ ತೀರ್ಪಿತ್ತ ಮೊಕದ್ದಮೆಗಳನ್ನು ದಿ ಹಿಂದೂ ಪತ್ರಿಕೆಯವರು 2014ರಲ್ಲಿ ಒಂದೊಂದಾಗಿ ಓದಿದರು. ಪೂರ್ಣವಾಗಿ ವಿಚಾರಣೆಗೊಂಡ 460ರಲ್ಲಿ 189 ಪರಸ್ಪರ ಒಪ್ಪಿಗೆಯಿಂದ ಕೂಡಿದ್ದವರ ಪ್ರಕರಣಗಳು. ಅವುಗಳಲ್ಲಿ ಬಹಳಷ್ಟು ಮಗಳು ಒಲಿದವನೊಡನೆ ಹೋದಳೆಂದು ತಂದೆತಾಯಿಗಳು ಕೊಟ್ಟ ದೂರುಗಳು. 109 ಮದುವೆಯ ಮಾತು ಕೊಟ್ಟು ತಪ್ಪಿದರೆಂಬ ದೂರುಗಳು. ನಾಗರಭಾವಿಯವರ ಅಧ್ಯಯನದಲ್ಲಿಯೂ ಪ್ರಣಯದ ಪ್ರಕರಣಗಳು ಗಣನೀಯವಾಗಿ ಕಂಡುವು. ಇದರಿಂದ ಹೆಂಗಸರು ಸುಳ್ಳುಗಾರ್ತಿಯರೆಂದು ತೀರ್ಮಾನಿಸುವುದು ವಿಪರೀತವಾದೀತು. ಮಗಳ ಆಯ್ಕೆಯನ್ನು ಸಹಿಸದ ಮನೆಗಳು, ಜಾತಿಯ ಗೆರೆಯನ್ನು ಕಾಯುವುದಕ್ಕಾಗಿ, ಬಲಾತ್ಕಾರದ ಕಲಮನ್ನು ಬಳಸಿಕೊಳ್ಳುತ್ತಿವೆಯೆಂಬುದೇ ಇದರಿಂದ ಹೊರಡುವ ಅರ್ಥ. ಸ್ತ್ರೀಸಂಗ್ರಹಣದ ಹಳೆಯ ಭಾವನೆಯು ಹೊಸ ಕಾನೂನಿನ ವೇಷದಲ್ಲಿ ಠಾಣೆಗೆ ಬರುತ್ತಿದೆ. ಅತ್ಯಾಚಾರವಾದ ಮನೆಯಲ್ಲಿ ಮೌನ, ಒಲವಾದ ಮನೆಯಲ್ಲಿ ಫಿರ್ಯಾದು: ಎರಡೂ ಕಡೆ ಹೆಣ್ಣಿನ ಮಾತನ್ನು ಮನೆಯೇ ಆಡುತ್ತಿದೆ. 2024ರ ಸಂಹಿತೆಯಲ್ಲಿ ಮದುವೆಯ ಸುಳ್ಳು ವಾಗ್ದಾನದ ಪ್ರಕರಣಗಳಿಗೆ 69ನೆಯದೆಂಬ ಬೇರೆ ಕಲಮನ್ನು ಮಾಡಿದ್ದಾರೆ. ಆದಕಾರಣ ಮುಂದಿನ ಸಂಪುಟಗಳಲ್ಲಿ ಬಲಾತ್ಕಾರದ ಅಂಕೆಯು ಇಳಿದು ಕಂಡರೆ, ಆ ಪ್ರಕರಣಗಳು ಎಲ್ಲಿಗೆ ಹೋದುವೆಂದು ಕೇಳಿದ ಮೇಲೆಯೇ ಹಿಗ್ಗಬೇಕು.

ಮನೆಮನೆಗೆ ಹೋಗಿ ಕೇಳಿದಾಗ

ಠಾಣೆಗೆ ಬಾರದವರನ್ನು ಎಣಿಸುವ ಒಂದು ಉಪಾಯವುಂಟು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಮನೆಗಳಿಗೆ ಹೋಗಿ, ಆರಿಸಿದ ಮನೆಯಲ್ಲಿ ಒಬ್ಬಳೇ ಹೆಂಗಸನ್ನು, ಬೇರೆ ಯಾರೂ ಇಲ್ಲದ ಸ್ಥಳದಲ್ಲಿ ಕೇಳುತ್ತಾರೆ; ಏಕಾಂತವು ದೊರೆಯದಿದ್ದರೆ ಆ ಪ್ರಶ್ನೆಗಳನ್ನು ಕೇಳುವುದೇ ಇಲ್ಲ. 2019ರಿಂದ 2021ರವರೆಗೆ ನಡೆದ ಐದನೆಯ ಸಮೀಕ್ಷೆಯಲ್ಲಿ 18ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು ಆರು ಮಂದಿ ಲೈಂಗಿಕ ಹಿಂಸೆಯನ್ನು ಅನುಭವಿಸಿದ್ದಾಗಿ ತಿಳಿಸಿದರು. ಅವರಲ್ಲಿ ವಿವಾಹಿತರಾದವರ ಪೈಕಿ ನೂರಕ್ಕೆ 82 ಮಂದಿ ಹೆಸರಿಸಿದುದು ಈಗಿನ ಗಂಡನನ್ನು. ದೈಹಿಕ ಅಥವಾ ಲೈಂಗಿಕ ಹಿಂಸೆಗೆ ಒಳಗಾದವರಲ್ಲಿ ಯಾರ ನೆರವನ್ನಾದರೂ ಬೇಡಿದವರು ನೂರಕ್ಕೆ 14 ಮಾತ್ರ. ಯಾರಿಗೂ ಹೇಳದೆ ಉಳಿದವರು 77. ಎಂದರೆ ಈ ಸಂಕಟದ ಬಹುಭಾಗವು ಪೋಲೀಸರ ಪುಸ್ತಕಕ್ಕೆ ಬರುವ ಮಾರ್ಗವೇ ಇಲ್ಲ. ಠಾಣೆಯ ಲೆಕ್ಕ ಮತ್ತು ಮನೆಯ ಲೆಕ್ಕ ಎಂಬಿವು ಒಂದೇ ವಸ್ತುವಿನ ಎರಡು ಅಳತೆಗಳಲ್ಲ. ಬಹುಮಟ್ಟಿಗೆ ಬೇರೆ ಬೇರೆ ವಸ್ತುಗಳ ಅಳತೆಗಳು.

ಈ ಸಮೀಕ್ಷೆಯನ್ನಾದರೂ ಕುರುಡಾಗಿ ನಂಬಬಹುದೆ? ಕರ್ನಾಟಕದಲ್ಲಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆಯಾಯಿತೆಂದವರು 2015-16ರ ಸಮೀಕ್ಷೆಯಲ್ಲಿ ನೂರಕ್ಕೆ 20.6, ಮುಂದಿನದರಲ್ಲಿ 44.4. ನಾಲ್ಕು ವರ್ಷಗಳಲ್ಲಿ ಕನ್ನಡಿಗರ ಮನೆಗಳಲ್ಲಿ ಹಿಂಸೆಯು ಇಮ್ಮಡಿಯಾಯಿತೆಂದು ಹೇಳಬೇಕಾದರೆ ಅಂತಹ ಮಹಾಪರಿವರ್ತನೆಗೆ ಬೇರೆ ಗುರುತುಗಳೂ ಕಾಣಬೇಕಾಗಿತ್ತು. ಕೇಳಿದವರ ತರಬೇತಿ, ಕೇಳಿದ ಸ್ಥಳ, ಹೇಳಬಹುದೆಂಬ ಭರವಸೆ ಇವುಗಳು ಬದಲಾದರೂ ಉತ್ತರವು ಬದಲಾಗುತ್ತದೆ. ಎರಡು ಅಂಕೆಗಳಲ್ಲಿ ಮೊದಲನೆಯದೇ ಕಡಿಮೆಯಾಗಿ ಬರೆದುದಾಗಿರಬಹುದು. ಒಂದು ಮಾತಂತೂ ನಿಶ್ಚಯ: ಏಕಾಂತದಲ್ಲಿ, ಸಹಾನುಭೂತಿಯಿಂದ ಕೇಳಿದರೆ ಕನ್ನಡ ನಾಡಿನ ಹತ್ತು ವಿವಾಹಿತ ಹೆಂಗಸರಲ್ಲಿ ನಾಲ್ವರು ಹೌದೆನ್ನುವ ಸ್ಥಿತಿಯುಂಟು. ಅದು ಏರಿಕೆಯಾಗಿರಲಿ, ಬೆಳಕಿಗೆ ಬಂದುದಾಗಿರಲಿ, ನಾಚಿಕೆಯ ಭಾರವು ಕಡಿಮೆಯಾಗುವುದಿಲ್ಲ.

ಓದುವ ಬಗೆ

ಇಷ್ಟರಿಂದ ಅಂಕೆಗಳೇ ಬೇಡವೆಂದು ಹೇಳಿದಂತಾಗಬಾರದು. ವೀರಗಲ್ಲು ಅಪೂರ್ಣವೆಂದು ಚರಿತ್ರಕಾರನು ಅದನ್ನು ಒಡೆದುಹಾಕುವುದಿಲ್ಲ. ಅದನ್ನು ನಿಲ್ಲಿಸಿದವರು ಯಾರು, ಏಕೆ ಎಂದು ಕೇಳಿ ಓದುತ್ತಾನೆ. ವಾರ್ಷಿಕ ಅಂಕೆಯನ್ನು ಕೈಗೆತ್ತಿಕೊಂಡ ಗೃಹಸ್ಥನೂ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಆ ವರ್ಷ ಕಾನೂನಿನ ಲಕ್ಷಣವು ಬದಲಾಯಿತೆ? ಪ್ರಕರಣಗಳನ್ನು ಇಡುವ ಕೋಷ್ಟಕವು ಬದಲಾಯಿತೆ? ಭಾಜಕವಾದ ಜನಸಂಖ್ಯೆಯು ಯಾವ ಇಸವಿಯದು? ಠಾಣೆಯ ಬಾಗಿಲು ತೆರೆದಿತ್ತೆ, ಮುಚ್ಚಿತ್ತೆ? ಅಂಕೆಯನ್ನು ಇಳಿಸಿದ ಅಧಿಕಾರಿಗೆ ಬಹುಮಾನ ಕೊಡುವ ನಾಡಿನಲ್ಲಿ ದಾಖಲೆಯನ್ನು ತಡೆಯುವುದೇ ಸುಲಭವಾದ ಉಪಾಯವಾಗುತ್ತದೆಂಬುದನ್ನು ಆಳುವವರೂ ನೆನೆಯಬೇಕು.

ಹಳೆಯ ಕಲ್ಲಿನಲ್ಲಿ ಹೆಂಗಸಿನ ಹೆಸರಿಲ್ಲ; 1983ರಿಂದೀಚೆಗೆ ನೊಂದವಳ ಹೆಸರನ್ನು ಪ್ರಕಟಿಸುವುದು ಅಪರಾಧವಾದುದರಿಂದ ಇಂದಿನ ಪತ್ರಿಕೆಯಲ್ಲಿಯೂ ಅವಳ ಹೆಸರಿಲ್ಲ. ಮೊದಲಿನದು ಅವಳನ್ನು ಲೆಕ್ಕಕ್ಕಿಡದ ಮೌನ. ಎರಡನೆಯದು ಅವಳನ್ನು ಕಾಪಾಡುವುದಕ್ಕಾಗಿ ಕಾನೂನು ಮಾಡಿದ ಮೌನ. ಆದರೆ ಹೆಸರನ್ನು ಮುಚ್ಚುವುದು ಧರ್ಮವಾದಷ್ಟೇ ಮಾತನ್ನು ಕೇಳುವುದೂ ಧರ್ಮ. ಕುರುಬರಹಳ್ಳಿಯಂತಹ ನೂರಾರು ಬಡಾವಣೆಗಳಲ್ಲಿ ಈ ಲೆಕ್ಕದ ಮೊದಲನೆಯ ಬರಹಗಾರರು ಪೋಲೀಸರಲ್ಲ. ಮಗಳೋ ತಂಗಿಯೋ ಸೊಸೆಯೋ ಬಂದು ಹೇಳಿದಾಗ ಎದುರಿಗಿರುವ ತಾಯಿತಂದೆಗಳು, ಅತ್ತೆಮಾವಂದಿರು. ಅವರು ಕೇಳಿಸಿಕೊಂಡರೆ ಉಳಿದ ಬಾಗಿಲುಗಳನ್ನು ತಟ್ಟಬಹುದು. ವಿದ್ಯಾವಂತರ ಮನೆಗಳಲ್ಲಾದರೂ ಈ ಕೂಗಿಗೆ ಮನ್ನಣೆ ದೊರೆಯಲಿ; ಅದರಿಂದ ನಾಡಿನ ಅಂಕೆಯು ಕೆಲವು ಕಾಲ ಏರಿದರೆ ಅದಕ್ಕೆ ಅಂಜಬೇಕಾದುದಿಲ್ಲ.